ಮೂರನೇ ಅಂತಸ್ತಿನ ಬಾಣಂತನ

ಡಿಸೆಂಬರ್ 9, ಸೋಮವಾರ. ಬೆಳಿಗ್ಗಿ 5.10

…ಹಾಂ, ಕೆಂಪು ಚುಕ್ಕಿ ಬಂತು. ಎರಡನೇ ಕಿಟಕಿ ಮುಗೀತು. ಕತ್ರಿ ಎಲ್ಲಿಟ್ಟೀನೋ ಏನೋ, ಟೇಪು ಹಲ್ಲಿಲೇ ಕಡಿಯಾಕತ್ತೀನಿ. ಬಾಯೆಲ್ಲಾ ಅಂಟು. ಈ ಕಿಟಕಿ ಮಾಡಿದ ಬಡಿಗ್ಯಾ ಸಿಕ್ರ ಅವನ ಬಾಯಿಗೂ ಒಂದು ಪಟ್ಟಿ ಹಚ್ತೀನಿ. ಬೆರಳು ತೂರೋವಷ್ಟು ಸಂದು ಬಿಟ್ಟಾನ.

ಆರಕ್ಕ ಡ್ಯೂಟಿ. ಬಸ್‌ಸ್ಟ್ಯಾಂಡಿನ ಕಂಟ್ರೋಲ್ ರೂಮಿನ್ಯಾಗ ದಿನಾ ಎಂಟು ತಾಸು ಮೈಕ್ ಹಿಡಕಂಡು ಒದರ್ತೀನಿ — ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ. ಊರಿಗೆಲ್ಲಾ ನನ್ ದನಿ ಗೊತ್ತು. ಮನಿಗೆ ಬಂದ್ರ ಗ್ವಾಡಿ ಬಿಟ್ರ ಕೇಳೋರಿಲ್ಲ. ಅದಕ ಈ ಫೋನಿನ ರೆಕಾರ್ಡರಿನ್ಯಾಗ ಮಾತಾಡ್ತೀನಿ. ಯಾರಿಗೂ ಕಳ್ಸಂಗಿಲ್ಲ. ನಾನೂ ತಿರಿಗಿ ಕೇಳಂಗಿಲ್ಲ.

ಮನಿ ಅಂದ್ರ ಏನು… ಹಗರಿಬೊಮ್ಮನಹಳ್ಳ್ಯಾಗ ಜಂಬಣ್ಣನ ಬಿಲ್ಡಿಂಗು, ಮೂರನೇ ಅಂತಸ್ತು. ಕೆಳಗ ಅವನ ಹಾರ್ಡ್‌ವೇರ್ ಅಂಗಡಿ. ಒಂದು ಹಾಲು, ಒಂದು ರೂಮು, ಇಬ್ರು ನಿಂತ್ರ ಮೂರನೇದವ್ರು ಹೊರಗ ನಿಲ್ಲೋ ಅಡಿಗಿ ಮನಿ. ಹಾಲಿನಿಂದ ಒಂದು ಬಾಲ್ಕನಿ, ಅದು ರೂಮಿನ ಹಿಂದಕ್ಕೂ ಹೋಗೈತಿ. ಉತ್ತರಕ್ಕ ಮುಖ. ಡಿಸೆಂಬರ್ ಗಾಳಿ ಎದಿಗೆ ಬಂದು ಹೊಡಿತೈತಿ. ಟೈಲ್ಸ್ ಮ್ಯಾಲ ಕಾಲಿಟ್ರ ಥಂಡಿ ಮೊಣಕಾಲ್ಮಟ ಏರ್ತೈತಿ.

ನಾಳಿಗೆ ಮಗಳು ಭೂಮಿಕಾ ಆಸ್ಪತ್ರಿಯಿಂದ ಬರ್ತಾಳ. ಗುರುವಾರ ಹೆರಿಗಿ ಆತು. ಹೆಣ್ಣು ಕೂಸು. ಚೊಚ್ಚಲ ಬಾಣಂತನ ತವರಾಗೇ ಆಗಬೇಕು. ತವರಂದ್ರ ನಾನೊಬ್ಬಾಂವ. ಅವ್ರವ್ವ ಪುಷ್ಪಲತಾ ಹೋಗಿ ಎರಡು ವರ್ಸ ಆತು.

ನಿನ್ನಿ ವಾರ್ಡಿನ್ಯಾಗ ಬೀಗ್ತಿ ಅಂಜಿನಕ್ಕ ಎಲ್ಲಾರ ಮುಂದ ಅಂದ್ಲು — "ಬೀಗರ, ಹೆಣ್ಮಗಳಿಲ್ಲದ ಮನಿ. ಚಳಿ ಬ್ಯಾರೆ. ಬಾಣಂತನ ಅಂದ್ರ ಬಸ್ಸಿನ ಟೈಮ್ ಒದರಿದಂಗಲ್ಲ. ಇಪ್ಪತ್ತೈದಕ್ಕ ತೊಟ್ಲಿಗೆ ಹಾಕಾಕ ಬರ್ತೀವಲ್ಲ, ಅವತ್ತು ನೋಡ್ತೀನಿ. ಮನಿ ಬೆಚ್ಚಗಿದ್ರ ಮೂರು ತಿಂಗ್ಳು ಇಟ್ಕರಿ. ಕೂಸಿಗೆ ಒಂದು ನೆಗಡಿ ಬಂದಿದ್ರೂ ಅವತ್ತೇ ಗಾಡ್ಯಾಗ ಹಾಕ್ಕಂಡು ನಮ್ಮೂರು ಅರಸೀಕೆರಿಗೆ ಹೊಂಟ್ವಿ."

ಏನ್ ಮಾತು!

ಊರು ಏನಂತೈತಿ ಅನ್ನೋದು ಸುಡುಗಾಡಿಗೆ ಹೋಗ್ಲಿ. ಅವ್ವ ಸತ್ತ ಮ್ಯಾಲ ಆ ಹುಡುಗಿ ನನ್ ಮನ್ಯಾಗ ಒಂದು ವಾರ ಕುಂತಿಲ್ಲ. ಬರ್ತಾಳ, ಹಾಲಿನ್ಯಾಗ ಚಾ ಕುಡಿತಾಳ, ಹೋಗ್ತಾಳ. ಮೂರು ತಿಂಗ್ಳು. ಅಷ್ಟೇ ಬೇಕು ನಂಗ.

ಹಳೇ ಕಾರ್ಪೆಟ್ ತುಂಡು ತಂದೀನಿ. ದಪ್ಪ ಪರದಿ ತಂದೀನಿ. ಹಳದಿ ಬಲ್ಬು ಮೂರು ಅಂಗಡಿ ತಿರುಗಿ ತಂದೀನಿ. ಈ ಬಿಳಿ ಬಲ್ಬಿನ್ಯಾಗ ಮನಿ ಅಂದ್ರ ಮೆಡಿಕಲ್ ಶಾಪ್ ಕಂಡಂಗ ಕಾಣ್ತೈತಿ. ಬೆಳಕರ ಬೆಚ್ಚಗಿರ್ಲಿ.

ಡ್ಯೂಟಿಗೆ ಹೊತ್ತಾತು.


ಡಿಸೆಂಬರ್ 11, ಬುಧವಾರ. ಮಧ್ಯಾಹ್ನ 3.00

ಬಂದಾಳ.

ಮಗಳಲ್ಲ, ಆಕಿ ನಿನ್ನೇ ಬಂದ್ಲು. ನಮ್ಮಕ್ಕ ಬಂದಾಳ. ಹೊಳಲಿನ ದ್ಯಾಮಕ್ಕ. ಕರೆದೋರು ಯಾರು? ಭೂಮಿಕಾ ಫೋನ್ ಮಾಡ್ಯಾಳ, ನಂಗ ಹೇಳ್ದಂಗ.

ಡ್ಯೂಟಿ ಮುಗಿಸಿ ಬಂದು ಬಾಗ್ಲ ತಗದ್ರ ಹಾಲಿನ್ಯಾಗ ಒಂದು ಗಂಟು, ಒಂದು ಇದ್ದಲಿ ಚೀಲ, ಕೆಂಡ ಹಾಕೋ ಒಂದು ಕಬ್ಬಿಣದ ಶೆಗಡಿ. ಶೆಗಡಿ ಪಕ್ಕಕ್ಕ ಈಕಿ. ಅರವತ್ತರ ಮ್ಯಾಲಾಗೈತಿ, ನೆಟ್ಟಗ ಕುಂತಾಳ ಕಂಬ ನಿಲ್ಸಿದಂಗ.

"ಯಾಕ ಬಂದಿ?" ಅಂದೆ.

"ನಿನ್ನ ಮುಖ ನೋಡಾಕ ಬಂದಿಲ್ಲಲೇ. ನನ್ನ ಸೊಸಿ ಆಗಬೇಕಾದಾಕಿನ್ನ ನೋಡಾಕ ಬಂದೀನಿ."

ಅದೇ. ಮೂರು ವರ್ಸ ಆತು, ಅದೇ ಮಾತು. ಭೂಮಿನ್ನ ಆಕಿ ಮಗ ಹುಲುಗಣ್ಣಗ ಕೇಳಿದ್ಲು. ಸೋದರತ್ತಿ ಮಗ, ಹಕ್ಕಿನ ಹೆಣ್ಣು ಅಂತ ಹೇಳಿ ಮಂದಿ ಕರ್ಕಂಡು ಬಂದಿದ್ಲು. ನಾನು ಆ ಮಂದಿ ಮುಂದನೇ, ಕುರಿ ಕಾಯೋನಿಗೆ ನನ್ ಮಗಳ್ನ ಕೊಡಂಗಿಲ್ಲ ಅಂದೆ. ನಮ್ಮಪ್ಪನೂ ಕುರಿ ಕಾಯ್ದಾಂವನೇ. ಅದೇನು ನೆನಪಿರಲಿಲ್ಲಂತ ಅಲ್ಲ. ಬಾಯಿ. ನನ್ ಬಾಯಿ ಅಂಥಾದ್ದು. ಅವತ್ತಿಂದ ಆಕಿ ನನ್ ಜೊತಿ ಮಾತಿಲ್ಲ. ಪುಷ್ಪಲತಾನ ಮಣ್ಣಿಗೆ ಬಂದ್ಲು, ಅತ್ಲು, ನನ್ ಕಡಿ ನೋಡ್ದಂಗ ಹೋದ್ಲು.

ಈಗ ಮನಿ ಎಲ್ಲಾ ಒಂದು ಸುತ್ತು ಹಾಕಿ ಅಂತಾಳ — "ಇದೇನು ಮನ್ಯೋ, ಪಾರಿವಾಳದ ಗೂಡೋ? ಭೂಮೀ, ನಿಮ್ಮಪ್ಪಗ ಹೇಳು, ಇವತ್ತಿಂದ ರೂಮಿನ್ಯಾಗ ಗಂಡಸ್ರು ಕಾಲಿಡಬಾರ್ದು. ಆಂವ ಹಾಲಿನ್ಯಾಗ ಬಿದ್ಕಣ್ಲಿ."

ಎರಡು ಮಾರು ದೂರದಾಗ ನಿಂತೀನಿ ನಾನು!

ನಾನೂ ಅಂದೆ — "ಭೂಮೀ, ನಿಮ್ಮತ್ತಿಗೆ ಹೇಳು, ಬಾಡಗಿ ಮನಿ ಇದು, ಹೊಳಲು ಅಲ್ಲ."

ಭೂಮಿ ಹಾಸಿಗ್ಯಾಗಿಂದ, "ಇಬ್ರೂ ಹೇಳ್ಕರಿ, ನಂಗ ಹೊಲಿಗಿ ಜಗ್ತಾವ" ಅಂತ ಮಕ ತಿರಿವಿದ್ಲು.

ಓಡ್ಸಿಬಿಡ್ತಿದ್ದೆ. ಆದ್ರ ಹದಿನಾಲ್ಕು ದಿನ ಐತಿ ಇಪ್ಪತ್ತೈದಕ್ಕ. ಕೂಸಿಗೆ ನೀರು ಹಾಕಾಕ ಬರಂಗಿಲ್ಲ ನಂಗ. ಇರ್ಲಿ.


ಡಿಸೆಂಬರ್ 14, ಶನಿವಾರ. ಸಂಜಿ 5.30

ಬಾಲ್ಕನ್ಯಾಗ ನಿಂತೀನಿ. ಒಳಗ ಹೋಗಾಕ ಮನಸಿಲ್ಲ.

ನಿನ್ನಿ ರೂಮಿನ ಕಿಟಕಿಗೆ ಹೊರಗಿಂದ ಕಂಬಳಿ ಹೊಡದಿದ್ದೆ. ದ್ಯಾಮಕ್ಕ ತಂದಿದ್ದ ಕಂಬಳೀನೇ. ಒಳ್ಳೇ ಕರಿ ಕುರಿ ಉಣ್ಣಿದು, ಹುಣಸಿ ಬೀಜದ ಗಂಜಿ ಹಾಕಿದ್ದು, ಹಲಗಿ ನಿಂತಂಗ ನಿಲ್ತೈತಿ. ಗಾಳಿ ಏನು, ಸದ್ದೂ ಒಳಗ ಬರಲಿಲ್ಲ. ಖುಷಿಲೇ ಡ್ಯೂಟಿಗೆ ಹೋದೆ. ಬರೋಹೊತ್ತಿಗೆ ಕಿತ್ತು ಒಗದಾಳ.

"ಭೂಮೀ, ನಿಮ್ಮಪ್ಪಗ ಕೇಳು, ಕಂಬಳಿಗೆ ಮೊಳಿ ಹೊಡಿತಾರೇನು? ಮೈಲಾರಪ್ಪನ ಗದ್ದಿಗಿಗೆ ಹಾಸೋದು ಅದು. ಪೇಟಿ ಸೇರಿ ಮೈಯಾಗಿನ ರಗತನೂ ಬದ್ಲಿ ಮಾಡಿಸ್ಕಂಡಾನೇನು?"

"ಕೂಸಿಗೆ ಥಂಡಿ ಆದ್ರ ಮೈಲಾರಪ್ಪ ಬಂದು ಕಿಟಕಿ ಮುಚ್ತಾನೇನು?"

"ಬಾಯಾಗ ಹುಳ ಬೀಳ್ತಾವು ನಿಂಗ!"

ಇದು ನೇರ ನಂಗೇ ಹೇಳಿದ್ಲು. ಭೂಮಿ ನಡಕ ಇರಲಿಲ್ಲ. ಬೈಯಾಕ ಮಾತ್ರ ಮಾತು ಬರ್ತಾವು ನೋಡು.

ಇವತ್ತು ಜಂಬಣ್ಣ ಏರಿ ಬಂದ. ಬೆಳಿಗ್ಗಿ ಆಕಿ ಬಾಲ್ಕನ್ಯಾಗ ಶೆಗಡಿ ಹಚ್ಚಿದ್ಲಂತ. ಹೊಗಿ ಅವನ ಬಣ್ಣದ ಗ್ವಾಡಿಗೆ ಬಡದೈತಿ. ಮೆಟ್ಲ ಮ್ಯಾಲಿಂದನೇ ಶುರು ಮಾಡಿದ — "ಓಬಳೇಶಪ್ಪಾರ, ಮನಿ ಕೊಟ್ಟೀನಿ, ಇಟ್ಟಂಗಿ ಭಟ್ಟಿ ಹಾಕಾಕ ಜಾಗ ಕೊಟ್ಟಿಲ್ಲ. ಇನ್ನೊಂದ್ಸಲ ಬೆಂಕಿ ಕಂಡ್ರ ಖಾಲಿ ಮಾಡ್ರಿ."

ನಾನು, ಆತ್ರಿ ಆತ್ರಿ ಅಂದೆ. ಆಕಿ ಹಾಲಿನ್ಯಾಗ ಕುಂತು ಕೇಳಿಸ್ಕಂಡ್ಲು. ಶೆಗಡಿ ಎತ್ತಿ ಅಡಿಗಿ ಮನಿ ಮೂಲ್ಯಾಗ ಇಟ್ಲು. ಮುಗೀತು ಅನ್ಕಂಡೆ.

ಜಂಬಣ್ಣನ ಬೈಗಳದಿಂದ ಆದ ಒಂದೇ ಉಪಕಾರ.


ಡಿಸೆಂಬರ್ 17, ಮಂಗಳವಾರ. ಮಧ್ಯಾಹ್ನ 2.40

ಕೂಸು ಎರಡು ಸಲ ಸೀನ್ತು ನಿನ್ನಿ. ಎಣಿಸೀನಿ. ಎರಡು.

ಅಂಜಿನಕ್ಕನ ಮಾರಿ ಕಣ್ಮುಂದ ಬಂತು. ಎಂಟೇ ದಿನ ಉಳದೈತಿ.

ಹುಡುಕಿದೆ, ಗಾಳಿ ಎಲ್ಲಿಂದ ಬರ್ತೈತಿ ಅಂತ. ಕಿಟಕಿಗೆ ಟೇಪ್ ಐತಿ. ಬಾಗ್ಲಿಗೆ ಗೋಣಿ ಚೀಲ ಒತ್ತೀನಿ. ಆಮ್ಯಾಲ ಕಂಡ್ತು — ಮ್ಯಾಲ ವೆಂಟಿಲೇಟರ್. ಕಿಟಕಿ ಮ್ಯಾಲಿನ ಕಿಂಡಿ. ಓರಿ ಓರಿ ಗಾಜಿನ ಪಟ್ಟಿ, ಮುಚ್ಚಾಕ ಬರಂಗಿಲ್ಲ. ಅಲ್ಲಿಂದ ನೇರ ಮಂಚದ ಮ್ಯಾಲ ಬೀಳ್ತೈತಿ ಗಾಳಿ.

ಈಗ ಡ್ಯೂಟಿಯಿಂದ ಬಂದ ಕೂಡ್ಲೆ ದ್ಯಾಮಕ್ಕ ಬಚ್ಚಲಕ್ಕ ಹೋಗೋದನ್ನ ಕಾದೆ. ಸ್ಟೂಲ್ ಹಾಕಿ ಬಾಲ್ಕನಿ ಕಡಿಯಿಂದ ಹತ್ತಿದೆ. ಟಿವಿ ಡಬ್ಬಿದು ಥರ್ಮಾಕೋಲ್ ಇತ್ತು, ಅಳತಿಗೆ ಕೊಯ್ದು ತುರುಕಿ ಸುತ್ತ ಟೇಪ್ ಹಚ್ಚಿದೆ. ಒಳಗಿಂದ ನೋಡಿದ್ರ ಗೊತ್ತಾಗಂಗಿಲ್ಲ, ಬಿಳಿ ಬೆಳಕು ಕಂಡಂಗನೇ ಕಾಣ್ತೈತಿ. ಕೆಳಗ ನೋಡಿದ್ರ ಜಂಬಣ್ಣನ ಪೈಪುಗಳು.

ಯಾರಿಗೂ ಹೇಳಿಲ್ಲ. ಆಕಿಗೆ ಹೇಳಿದ್ರ ಕಿತ್ತು ಒಗಿತಾಳ, ನಾ ಮಾಡಿದ್ದು ಅನ್ನೋದಕ್ಕೇ. ಭೂಮಿಗೆ ಹೇಳಿದ್ರ ಆಕಿಗೆ ಹೇಳಿದಂಗ.

ಸುಮ್ನಿದ್ದು ಗೆಲ್ಲೋದು ನಂಗ ಹೊಸಾದು. ಚಲೋ ಅನಸ್ತೈತಿ.


ಡಿಸೆಂಬರ್ 19, ಗುರುವಾರ. ಸಂಜಿ 6.15

ಮನಿ ಬೆಚ್ಚಗೈತಿ. ಹಳದಿ ಬೆಳಕು, ಅಜವಾನದ ವಾಸನಿ, ಲೋಬಾನ. ಡ್ಯೂಟಿಯಿಂದ ಬಂದು ರೂಮಿನ ಬಾಗ್ಲಾಗ ನಿಂತ್ರ ಮಕಕ್ಕ ಕಾವು ಬಡಿತೈತಿ. ಪುಷ್ಪಲತಾ ಇದ್ದಾಗೂ ಈ ಮನಿ ಹಿಂಗ ಇರಲಿಲ್ಲ. ನನ್ ಥರ್ಮಾಕೋಲ್ ಕೆಲಸ. ದ್ಯಾಮಕ್ಕ ಬ್ಯಾರೆ, ತನ್ನ ಆರೈಕಿ ಅನ್ನೋ ಧಿಮಾಕಿನ್ಯಾಗ ಓಡಾಡ್ತಾಳ. ಓಡಾಡ್ಲಿ.

ಆದ್ರ ಭೂಮಿಗೆ ತಲಿ ಸಿಡಿತೈತಂತ. ನಿನ್ನಿನೂ. ಇವತ್ತು ಎರಡು ಸಲ ವಾಂತಿ. ಮುಂಜಾನಿ ಜೋರು, ಸಂಜಿಮಟ ಸುಮಾರಾಗ್ತಾಳ.

ದ್ಯಾಮಕ್ಕ ಹಾಲಿಗೆ ಬಂದು ನಿಂತ್ಲು. ಸೆರಗಿನ ತುದಿ ತಿರುವ್ಕಂತ, ಗ್ವಾಡಿ ನೋಡ್ಕಂತ ಅಂದ್ಲು — "ಥಂಡಿ ಹೊಕ್ಕೈತಿ. ಬಾಣಂತಿಗೆ ತಲಿಗೆ ಥಂಡಿ ಏರಿದ್ರ ಹಿಂಗೇ."

"ಹೌದು, ಥಂಡೀನೇ" ಅಂದೆ ನಾನೂ.

"ಇನ್ನಾ ಬೆಚ್ಚಗಿಡಬೇಕು."

"ಇಡಬೇಕು."

ಮೂರು ವರ್ಸದಾಗ ಮೊದಲ ಸಲ ಇಬ್ರೂ ಒಂದೇ ಮಾತಾಡಿದ್ವಿ. ಆಕಿಗೂ ಮುಜುಗರ ಆತು, ಪಟ್ನ ಒಳಗ ಹೋದ್ಲು. ನಾನು ರೂಮಿನ ಬಾಗ್ಲ ಸಂದಿಗೆ ಇನ್ನೊಂದು ಗೋಣಿ ಚೀಲ ಮಡಿಚಿ ಕೊಟ್ಟೆ. ಆಕಿ ಇಸ್ಕಂಡ್ಲು. ಕೈಯಿಂದ ಕೈಗೆ.


ಡಿಸೆಂಬರ್ 21, ಶನಿವಾರ. ಸಂಜಿ 4.00

ಆಸ್ಪತ್ರಿ ಹಿಂದ, ನೀರಿನ ಟಾಕಿ ಹತ್ರ.

ನಿನ್ನಿ ಹನ್ನೊಂದು ಗಂಟಿ. ಮೈಕಿನ್ಯಾಗ ಇದ್ದೆ, ಕೊಟ್ಟೂರು ಬಸ್ ಹೇಳಾಕತ್ತಿದ್ದೆ. ಫೋನು. ಭೂಮಿ ಫೋನಿಂದ ದ್ಯಾಮಕ್ಕ. "ಓಬಳೇಶಾ, ಏಳವಲ್ಲಳು. ಭೂಮಿ ಏಳವಲ್ಲಳು. ಬಾ."

ಓಬಳೇಶಾ ಅಂದ್ಲು. ಮೈಕ್ ಆನ್ ಇಟ್ಟೇ ಓಡಿದೆ.

ಕೂಸು ಹಾಲಿನ್ಯಾಗ ಇತ್ತು, ಆಗಷ್ಟೇ ನೀರು ಹಾಕಿದ್ಲಂತ. ಭೂಮಿ ರೂಮಿನ್ಯಾಗ. ಗಂಡಸ್ರು ಕಾಲಿಡಬಾರದ ರೂಮು, ನುಗ್ಗಿದೆ. ಮಂಚದ ಕೆಳಗ ಶೆಗಡಿ. ಕೆಂಡ ಬೂದಿ ಮುಚ್ಕಂಡು ಕುಂತಿತ್ತು. ಹೊಗಿ ಇಲ್ಲ, ವಾಸನಿ ಇಲ್ಲ. ಹುಡುಗಿ ಮಕ ಕೆಂಪಗ, ಕೈ ಜೋಲಿ. ಹೆಗಲಿಗೆ ಹಾಕ್ಕಂಡು ಮೂರು ಅಂತಸ್ತು ಇಳಿದೆ. ಹೆಂಗ ಇಳಿದೆ ಗೊತ್ತಿಲ್ಲ. ಜಂಬಣ್ಣ ತನ್ ಗಾಡಿ ತಗದ.

ಉಳದಾಳ. ಮೊದ್ಲು ಅದು ಹೇಳಬೇಕಿತ್ತು. ಉಳದಾಳ. ಆಕ್ಸಿಜನ್ ಹಾಕಿದ್ರು, ಮಧ್ಯಾಹ್ನಕ್ಕ ಕಣ್ಬಿಟ್ಟು, ಕೂಸು ಎಲ್ಲಿ ಅಂದ್ಲು. ಕೂಸಿಗೂ ಏನೂ ಇಲ್ಲ. ಇನ್ನೊಂದು ತಾಸು ಆಗಿದ್ರ… ಅದು ಬ್ಯಾಡ.

ಡಾಕ್ಟರಮ್ಮ ಬೈದ್ರು. ಇದ್ದಲಿ ಕೆಂಡದಿಂದ ವಿಷದ ಗ್ಯಾಸು ಬರ್ತೈತಂತ, ಕಣ್ಣಿಗೆ ಕಾಣಂಗಿಲ್ಲಂತ. ತಲಿನೋವು ವಾಂತಿ ಎಲ್ಲಾ ಅದೇ ಅಂತ. ಥಂಡಿ ಅಲ್ಲ. ನಾವು ಥಂಡಿ ಥಂಡಿ ಅನ್ಕಂತ ಇನ್ನಾ ಕಾಸಿದ್ವಿ ಹುಡುಗಿನ್ನ.

ದ್ಯಾಮಕ್ಕ ಕೈ ಮುಗ್ಕಂಡು ಅಂದ್ಲು — "ಅಮ್ಮಾರ, ನಲವತ್ತು ಬಾಣಂತನ ಮಾಡೀನಿ ಈ ಕೈಲೇ. ಶೆಗಡಿ ಇಲ್ಲದ ಒಂದಿಲ್ಲ."

"ಎಂಥಾ ಮನ್ಯಾಗ?"

"ಮಾಳಿಗಿ ಮನಿ ರೀ. ಮಣ್ಣಿಂದು. ಮ್ಯಾಲ ಬೆಳಕಿಂಡಿ ಇರ್ತೈತಿ."

"ಅದರಾಗ ಹೋಗ್ತಿತ್ತು ಗ್ಯಾಸು. ಈ ರೂಮಿನ್ಯಾಗ ಏನೂ ಇರಲಿಲ್ಲೇನು?"

"ಐತ್ರೀ. ಕಿಟಕಿ ಮ್ಯಾಲ ಕಿಂಡಿ ಐತಿ. ಅದನ್ನ ನೋಡೇ ಇಟ್ಟೀನ್ರೀ ನಾನು. ತೆರದೈತಿ ಅದು."

ನಾನು ಅಲ್ಲೇ ನಿಂತಿದ್ದೆ. ಆಕಿ ಬಲಕ್ಕ.

ಬಾಯಿ ಬಿಡಲಿಲ್ಲ.

ದಿನಾ ನಾ ಡ್ಯೂಟಿಗೆ ಹೋದ ಮ್ಯಾಲ ಶೆಗಡಿ ಹಚ್ತಿದ್ಲಂತ. ಬಾಲ್ಕನ್ಯಾಗ ಸ್ವಲ್ಪ ಸ್ವಲ್ಪ ಹಚ್ಚಿ, ಹೊಗಿ ಹೋದ ಮ್ಯಾಲ ಕೆಂಡ ಒಳಗ. ನಾ ಬರೋದ್ರಾಗ ತಗದಿಡ್ತಿದ್ಲು. ಭೂಮಿಗೂ ಹೇಳಿದ್ಲಂತ, ನಿಮ್ಮಪ್ಪಗ ಹೇಳಬ್ಯಾಡ, ಹೋಗಿ ಜಂಬಣ್ಣನ ಮುಂದ ಊದ್ತಾನ ಅಂತ.


ಡಿಸೆಂಬರ್ 23, ಸೋಮವಾರ. ಬೆಳಿಗ್ಗಿ 10.00

ರಜಾ ಹಾಕೀನಿ. ಸಂಜಿಗೆ ಭೂಮಿನ್ನ ಬಿಡ್ತಾರಂತ.

ನಿನ್ನಿ ಅಂಜಿನಕ್ಕ ಬಂದ್ಲು, ಮಗ ಪ್ರವೀಣಕುಮಾರನ್ನ ಕರ್ಕಂಡು. ಅಳಿಯ ಏನೂ ಅನ್ನಂಗಿಲ್ಲ, ಅವ್ವ ಅಂದಿದ್ದೇ ಅವನ ಮಾತು. ವಾರ್ಡಿನ್ಯಾಗ ಹತ್ತು ಹಾಸಿಗಿ ಮಂದಿ ಕೇಳಂಗ ದ್ಯಾಮಕ್ಕನ್ನ ಹಿಡಕಂಡ್ಲು. "ನನ್ ಸೊಸಿನ್ನ ಬದ್ನಿಕಾಯಿ ಸುಟ್ಟಂಗ ಸುಟ್ಟೆಲ್ಲಾ ಮುದುಕಿ! ನಲವತ್ತು ಮಾಡಿದ್ಲಂತ, ಎಷ್ಟು ಮಂದಿನ್ನ ಕಳಿಸೀಯೇ ತಾಯಿ ಮ್ಯಾಲಕ?"

ನಂಗ ಖುಷಿ ಆತು. ಇಲ್ಲಿ ಯಾರಿಲ್ಲ, ಅದಕ ಹೇಳ್ತೀನಿ. ಒಂದು ಗಳಿಗಿ, ಒಳಗ ಎಲ್ಲೋ, ಖುಷಿ ಆತು. ಮೂರು ವರ್ಸದ ಸಿಟ್ಟು ತೀರಿದಂಗ. ದ್ಯಾಮಕ್ಕ ತಲಿ ಬಗ್ಸಿ ನಿಂತಿದ್ದು ನಾ ನೋಡಿದ್ದಿಲ್ಲ.

ಆಮ್ಯಾಲ ಅಂಜಿನಕ್ಕ ನನ್ ಕಡಿ ತಿರುಗಿದ್ಲು, ದನಿ ಇಳಿಸಿ. "ಬೀಗರ, ನೀವು ಹೊತ್ಕಂಡು ಓಡಿದ್ರಂತ. ನಿಮ್ಮಿಂದ ಉಳೀತು ಜೀವ. ಡಾಕ್ಟ್ರು, ರೂಮು ತೆರದಿಟ್ರ ಏನೂ ಆಗಂಗಿಲ್ಲ ಅಂದಾರ. ಭೂಮಿ ಅಪ್ಪನ ಮನ್ಯಾಗೇ ಇರ್ತೀನಿ ಅಂತಾಳ. ಇರ್ಲಿ ಮೂರು ತಿಂಗ್ಳು. ನಮ್ಮೂರಿಂದ ಒಬ್ಬಾಕಿನ್ನ ಕಳಸ್ತೀನಿ. ಆದ್ರ ತೊಟ್ಲಿನ ದಿನ ಆ ಮುದುಕಿ ಹೋಗಬೇಕು. ಮತ್ತ ಈ ಮನಿ ಮೆಟ್ಲು ಹತ್ತಬಾರ್ದು."

ಆತ್ರಿ ಅಂದೆ.

ಮನಿಗೆ ಓಡಿ ಬಂದೆ, ಥರ್ಮಾಕೋಲ್ ತಗಿಯಾಕ. ಅಂಜಿನಕ್ಕ ನೋಡಿದ್ರ ಮುಗೀತಲ್ಲ ಕತಿ. ಸ್ಟೂಲ್ ಹತ್ತಿದೆ.

ಇಲ್ಲ. ಕಿಂಡಿ ಖಾಲಿ. ಟೇಪಿನ ಅಂಟು ಸೈತ ಉಗುರಿಲೇ ಕೆರದು ತಗದಾರ. ಗಾಜು ಒರಿಸ್ಯಾರ.

ಮೊನ್ನಿ ಕೂಸಿನ ಅರಿವಿ ತರಾಕ ಅಂತ ಮನಿಗೆ ಬಂದು ಹೋದಾಕಿ ಒಬ್ಬಾಕೇ. ದ್ಯಾಮಕ್ಕ. ಅಂದ್ರ ನಿನ್ನಿ ವಾರ್ಡಿನ್ಯಾಗ ಬೈಸ್ಕಳ್ಳೋವಾಗ ಆಕಿಗೆ ಗೊತ್ತಿತ್ತು.


ಡಿಸೆಂಬರ್ 25, ಬುಧವಾರ. ಮಧ್ಯಾಹ್ನ 3.25

ಬಾಲ್ಕನ್ಯಾಗ. ಒಳಗ ಮಂದಿ. ತೊಟ್ಲು ಆತು, ಹೆಸರು ಆತು, ಊಟ ಆತು. ಹಾಲಿನ್ಯಾಗ ಹೆಂಗಸ್ರು ತುಂಬ್ಯಾರ. ಕಿಟಕಿ ಎಲ್ಲಾ ತೆರದೀನಿ. ಚಳಿ. ಕೂಸಿಗೆ ಮೂರು ಪದರು ಸುತ್ಯಾರ, ನಿದ್ದಿ ಮಾಡಾಕತ್ತೈತಿ. ಕೆಳಗ ಅಂಜಿನಕ್ಕನ ಗಾಡಿ ನಿಂತೈತಿ.

ಆಗಳೇ ಅಡಿಗಿ ಮನ್ಯಾಗ ದ್ಯಾಮಕ್ಕ ಒಬ್ಬಾಕೇ ಗಂಟು ಕಟ್ಟಾಕತ್ತಿದ್ಲು. ನಾಕೂ ಹತ್ತಕ್ಕ ಹೊಳಲು ಬಸ್ಸು. ಬಾಗ್ಲ ಮುಂದ ಮಾಡಿ ಕೇಳಿದೆ.

"ಥರ್ಮಾಕೋಲ್ ನೀನೇ ತಗದಿ?"

"ಹೂಂ."

"ಮತ್ಯಾಕ ಸುಮ್ನಿದ್ದಿ?"

ಗಂಟಿನ ಮೂಲಿ ಹಲ್ಲಾಗ ಕಚ್ಚಿ ಬಿಗಿದ್ಲು. ಆಮ್ಯಾಲ ಅಂದ್ಲು — "ನಿನ್ ಸಲುವಾಗಿ ಅಲ್ಲಲೇ. ನಿನ್ ಮುಖ ನೋಡಿದ್ರ ಈಗೂ ಮೈ ಉರಿತೈತಿ. ನಾ ಕೆಟ್ಟಾಕಿ ಆದ್ರ ಹೊಳಲಿಗೆ ಹೋಗ್ತೀನಿ. ನೀ ಕೆಟ್ಟಾಂವ ಆದ್ರ ಆ ಹುಡುಗಿಗೆ ತವರು ಎಲ್ಲೈತಿ? ಅವ್ವ ಇಲ್ಲ. ನಿನ್ನಂಥಾ ಅಪ್ಪ ಒಬ್ಬಾಂವ."

"ಅಕ್ಕಾ—"

"ಅಕ್ಕ ಗಿಕ್ಕ ಬ್ಯಾಡ. ಸರಿ ಅತ್ಲಾಗ, ಬಸ್ಸಿಗೆ ಹೊತ್ತಾತು."

ಹೊಳಿ ದಂಡಿ ಊರು ಮಾಗಳದಾಗ ಸಂಕ್ರಾಂತಿಗೆ ಒಂದು ಬಾಣಂತನ ಒಪ್ಕಂಡಿದ್ಲು. ಬೆಳಿಗ್ಗಿ ಫೋನ್ ಬಂತು, ನಾ ಕೇಳಿಸ್ಕಂಡೀನಿ. ಬ್ಯಾಡ ಅಂದ್ರು. ಎರಡು ದಿನದಾಗ ಸುದ್ದಿ ಹೊಳಿ ದಂಡಿಮಟ ಹೋಗೈತಿ. ಇನ್ನ ಯಾರೂ ಕರಿಯಂಗಿಲ್ಲ ಆಕಿನ್ನ. ಒಂದು ಅಜವಾನದ ಪುಡಿನೂ ಇಸ್ಕಳ್ಳಂಗಿಲ್ಲ ಆಕಿ ಕೈಯಿಂದ.

ಮೂರು ತಿಂಗ್ಳು ನನ್ ಕೈಯಾಗೈತಿ. ಸುಮ್ನಿದ್ರ ಸಾಕು. ಐವತ್ತು ವರ್ಸ ಸುಮ್ನಿರಾಕ ಬರಲಿಲ್ಲ ನಂಗ. ಮದುವಿ ಮಾತಿನ್ಯಾಗ ಬರಲಿಲ್ಲ, ಮಂದಿ ಮುಂದ ಬರಲಿಲ್ಲ, ಈ ಐದು ದಿನ ಮಾತ್ರ ಎಷ್ಟು ಚಂದ ಬಂದೈತಿ ನೋಡು. ಹೇಳಿದ್ರ? ಹೇಳಿದ್ರ ಆ ಗಾಡಿ ಐತಲ್ಲ, ಭೂಮಿ ಇವತ್ತೇ ಅದರಾಗ. ಕೂಸು ಅದರಾಗ. ಸಂಜಿಗೆ ಈ ಮನ್ಯಾಗ ನಾನು, ಹಳದಿ ಬಲ್ಬು.

ಅಂಜಿನಕ್ಕ ಒಳಗ ಕತಿ ಹೇಳಾಕತ್ತಾಳ, ಮಂದಿಗೆ. ನಗಾಕತ್ತಾರ. ಕೇಳಿಸ್ತೈತಿ — "ಕೆಂಡದ ಮ್ಯಾಲ ಕುಂದರ್ಸಿ, ಥಂಡಿ ಅಂತ ಥಂಡಿ!"

ದ್ಯಾಮಕ್ಕ ಅಡಿಗಿ ಮನಿಯಿಂದ ಹಾಲಿಗೆ ಬಂದ್ಲು. ಗಂಟು ಕಂಕುಳಾಗ. ತೊಟ್ಲು ಹತ್ರ ನಿಂತ್ಲು… ಬಗ್ಗಾಕತ್ತಾಳ. ಕೂಸಿನ ಕೆನ್ನಿ ಮುಟ್ಟಾಕ.

"ಮುಟ್ಟಬ್ಯಾಡ, ಮುಟ್ಟಬ್ಯಾಡ! ಸರಿ ಆ ಕಡಿ!"

ಅಂಜಿನಕ್ಕ ತೊಟ್ಲು ಎಳಕಂಡ್ಲು. ದ್ಯಾಮಕ್ಕನ ಕೈ ಹಂಗೇ ನಿಂತೈತಿ, ಗಾಳ್ಯಾಗ. ಯಾರೂ…

ಅಂಜಿನಕ್ಕಾರ! ಬೀಗರ! ತೊಟ್ಲು ಬಿಡ್ರಿ. ಬಿಡ್ರಿ ಅಂದೆ. ಆಕಿ ಮುಟ್ಲಿ.

"ಲೇ ಓಬಳೇಶ, ಬಾಯ್ಮುಚ್ಚು!"

ನೀ ಸುಮ್ನಿರಕ್ಕ. ಭೂಮೀ, ನೀನೂ ಕೇಳು. ಅಂಜಿನಕ್ಕಾರ, ಆ ಕಿಂಡಿ ತೆರದಿರಲಿಲ್ಲ. ಅದನ್ನ ಮುಚ್ಚಿದಾಂವ ನಾನು.